ನಿರೋಪ ಮುಟ್ಟಿತೇನು?

ಕಳೆದ ಸೋಮವಾರ ಮಧ್ಯಾಹ್ನ ಪುಣೆಯ ವಿಮಾನ ನಗರದ ನಮ್ಮ ಆಫೀಸಿನ ಊಟದ ಕೋಣೆಯಲ್ಲಿ ನಾವು ನಾಲ್ವರು ಕೂತಿದ್ದೆವು. ನಾನು, ತುಮಕೂರಿನಿಂದ ಬಂದು ಇನ್ನೂ ವರ್ಷ ತುಂಬದ ಒಬ್ಬ ಹುಡುಗಿ, ದಿನಾ ಪೋಳಿ-ಭಾಜಿ, ಅಂದರೆ ಚಪಾತಿ-ಪಲ್ಯ, ತಂದು ದಿನಾ ಅದನ್ನು ಬೈಯುತ್ತಲೇ ತಿನ್ನುವ ಸಾತಾರಾದ ಗೆಳೆಯ, ಮತ್ತು ಲೆಕ್ಕಪತ್ರ ವಿಭಾಗದ ಹುಬ್ಬಳ್ಳಿಯವರು. ಹುಬ್ಬಳ್ಳಿಯವರು ಊರಿಂದ ಬಂದ ಸಣ್ಣದೊಂದು ಡಬ್ಬಿಯ ಮುಚ್ಚಳ ತೆಗೆದರು. ಗುರೆಳ್ಳು ಚಟ್ನಿ. ಹುರಿದ ಗುರೆಳ್ಳು, ಬಳ್ಳೊಳ್ಳಿ, ಒಣಮೆಣಸಿನಕಾಯಿ ಕೂಡಿಸಿ ಕುಟ್ಟಿದ ಆ ಕಪ್ಪು ಪುಡಿಯ ವಾಸನೆ ಮೇಜಿನ ಈಚೆಗೆ ಬಂದದ್ದೇ ತಡ, ನನಗೆ ಹಳೆಯ ಆಫೀಸಿನ ವೈನಿ ಎದುರಿಗೆ ಬಂದು ಕೂತ ಹಾಗಾಯಿತು.

ಅದೇ ಹೊತ್ತಿಗೆ ತುಮಕೂರಿನ ಹುಡುಗಿ ಮೊಸರನ್ನ ಕಲಸುತ್ತ ಹೇಳಿದಳು: "ಸರ್, ಬೆಳಿಗ್ಗೆ ಎರರ್ ಬರ್ತಿತ್ತಲ್ಲ, ಸರಿಹೋಯ್ತು. ವಾಯ್ಡ್ ಮೆಥಡ್ ಅಲ್ವಾ, ಅದೇನೂ ವಾಪಸ್ ಕೊಡೋದೇ ಇಲ್ಲ. ಟೆಸ್ಟ್ ಮಾಡೋಕೆ ಅದರಲ್ಲಿ ಏನಿದೆ? ಡು ನಥಿಂಗ್ ಹಾಕ್ಬಿಟ್ಟೆ, ಎಲ್ಲ ಗ್ರೀನ್ ಆಯ್ತು."

ನಾನು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದೆ.

ಸಿಟ್ಟು ಬಂತು. ಆ ಹುಡುಗಿಯ ಮೇಲಲ್ಲ, ಪಾಪ, ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬಲ್ಲ ಒಬ್ಬ ಹೆಂಗಸನ್ನು ಈ ಕಸುಬು ಹೇಗೆ ನಡೆಸಿಕೊಂಡಿತು ಎಂಬುದು ನೆನಪಾಗಿ ಬಂದ ಸಿಟ್ಟು. ಇಷ್ಟು ವರ್ಷವಾದರೂ ಅದು ತಣ್ಣಗಾಗಿಲ್ಲ. ತಣ್ಣಗಾಗಲಿ ಎಂದು ನಾನೂ ಬಯಸಿಲ್ಲ.

ಆಗ ನಾನು ಮಗರಪಟ್ಟಾದ ಒಂದು ಚಿಕ್ಕ ಕಂಪನಿಯಲ್ಲಿದ್ದೆ. ಹೆಸರು ಬೇಡ, ಈಗ ಅದು ಉಳಿದೂ ಇಲ್ಲ. ಶಾಲಾ ಬಸ್ಸುಗಳ ವ್ಯವಸ್ಥೆ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಯಾವ ಬಸ್ಸು ಎಲ್ಲಿದೆ, ಯಾವ ಮಗು ಎಲ್ಲಿ ಇಳಿಯಬೇಕು, ದಾರಿ ಬದಲಾದರೆ ತಂದೆತಾಯಿಗೆ ಹೇಗೆ ತಿಳಿಸಬೇಕು, ಇದೆಲ್ಲ. ಟೆಸ್ಟಿಂಗ್ ಪೂರ್ತಿ ವೈನಿಯ ಕೈಯಲ್ಲಿತ್ತು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಧಾರವಾಡ ಕಡೆಯ ಹುಟ್ಟು, ಪುಣೆಗೆ ಮದುವೆಯಾಗಿ ಬಂದವರು. ಅವರ ಮೈದುನ ನಮ್ಮ ಮಹಡಿಯಲ್ಲೇ ಕೆಲಸಕ್ಕಿದ್ದ. ಅವನು ಮನೆಯಲ್ಲಿ ಕರೆಯುವ ಹಾಗೆ "ವೈನಿ" ಎಂದ. ಅತ್ತಿಗೆಗೆ ಧಾರವಾಡದಲ್ಲೂ ಅದೇ ಮಾತು, ಪುಣೆಯಲ್ಲೂ ಅದೇ ಮಾತು. ವಾರದೊಳಗೆ ಮರಾಠಿಯವರು, ಕನ್ನಡದವರು, ಕೊನೆಗೆ ಚಹಾ ತರುವ ಮಾಮಾ ಕೂಡ ವೈನಿ ಎನ್ನತೊಡಗಿದರು. ಮಹಡಿ ತುಂಬ ಮೈದುನರಾದೆವು.

ದನಿ ದೊಡ್ಡದು. ಮೂಲೆಯಲ್ಲಿ ಅವರು ನಕ್ಕರೆ ಲಿಫ್ಟಿನ ಹತ್ತಿರ ನಿಂತವರಿಗೂ ನಗು ಬರುತ್ತಿತ್ತು. ನಾನು ಪುಣೆಯ ಖಡಕಿ ಭಾಗದವನೆಂದು ನನಗೆ "ಖಡಕಿ" ಎಂದೇ ಹೆಸರಿಟ್ಟಿದ್ದರು. "ಹೆಸರಷ್ಟ ಖಡಕಿ, ಒಳಗ ಎಲ್ಲಾ ಮೆತ್ತಗ. ತುಗೊ, ಖಡಕ್ ರೊಟ್ಟಿ ತಿನ್ನು, ಸ್ವಲ್ಪರೆ ಗಟ್ಟಿ ಆಗ್ತಿ" ಎಂದು ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ ಹಾಕಿ, ಅದರ ನಡುವೆ ಬೆರಳಿನಿಂದ ಗುಳಿ ಮಾಡಿ ಎಣ್ಣೆ ಹೊಯ್ದು ಮುಂದೆ ತಳ್ಳುತ್ತಿದ್ದರು. ಬೇಡವೆಂದರೆ ಕೇಳುವವರಲ್ಲ.

ನನ್ನ ಕನ್ನಡ ಶಾಲೆಯಲ್ಲಿ ಕಲಿತದ್ದಲ್ಲ. ಅಜ್ಜ ಗದಗದ ಕಡೆಯಿಂದ ಖಡಕಿಯ ಕಾರ್ಖಾನೆಯ ಕೆಲಸಕ್ಕೆ ಬಂದವರು. ಕ್ವಾರ್ಟರ್ಸಿನ ಅಂಗಳದಲ್ಲಿ ಅಜ್ಜಿ, ಅಜ್ಜಿಯ ಗೆಳತಿಯರು, ಅವರ ಜಗಳ, ಅವರ ಹಾಡು, ಇವೇ ನನ್ನ ಪಾಠಶಾಲೆ. ಹೊರಗೆ ಕಾಲಿಟ್ಟರೆ ಮರಾಠಿ, ಒಳಗೆ ಬಂದರೆ ಅಜ್ಜಿಯ ಕನ್ನಡ. ಎರಡೂ ಎಷ್ಟು ಕಲಸಿಹೋಗಿದ್ದವೆಂದರೆ "ನಿರೋಪ" ಎಂಬ ಮಾತು ಮರಾಠಿಯದೆಂದು ನನಗೆ ಗೊತ್ತಾದದ್ದೇ ಮೀಸೆ ಬಂದ ಮೇಲೆ. ನಿರೋಪವೆಂದರೆ ಹೇಳಿಕಳಿಸಿದ ಮಾತು. "ಹೋಗು, ಮೂಲೀಮನಿಯವರಿಗೆ ನಿರೋಪ ಹೇಳಿ ಬಾ. ಶುಕ್ರವಾರ ಸಂಜೀಕ ಅರಿಶಿಣ-ಕುಂಕುಮಕ್ಕ ಬರ್ರಿ ಅಂತ" ಎಂದು ಅಜ್ಜಿ ಕಳಿಸುತ್ತಿದ್ದಳು. ಓಡಿ ಹೋಗಿ ಓಡಿ ಬಂದರೆ ಬಾಗಿಲಲ್ಲೇ ವಿಚಾರಣೆ. "ಹೇಳಿದೇನು? ಯಾರ ಮುಂದ ಹೇಳಿದಿ? ಏನಂತ ಹೇಳಿದಿ?" ಬರೀ "ಹ್ಞೂಂ, ಹೇಳೀನಿ" ಎಂದರೆ ನಡೆಯುತ್ತಿರಲಿಲ್ಲ. ಕರೆ ಮುಟ್ಟದೆ ಒಬ್ಬಳು ಮುತ್ತೈದೆ ಬಾರದೆ ಹೋದರೆ ಆ ಮನೆಯವರು ವರ್ಷವಿಡೀ ಮುಖ ತಿರುಗಿಸುತ್ತಾರೆ. ಆಗ "ಹುಡುಗನ ಕೈಲೆ ಹೇಳಿಕಳಿಸಿದ್ದೆ" ಎಂದರೆ ಯಾರು ಕೇಳುತ್ತಾರೆ?

ಈ ಕಥೆಯನ್ನು ನಾನು ಒಂದು ದಿನ ಊಟದ ಮೇಜಿನ ಮೇಲೆ ಹೇಳಿದೆ. ವೈನಿ ಕೈತೊಳೆಯಲು ಎದ್ದವರು ಅಲ್ಲೇ ನಿಂತರು. "ಖಡಕಿ, ನಿಮ್ಮ ಅಜ್ಜಿ ನಮ್ಮ ಆಫೀಸಿನ್ಯಾಗ ಇರಬೇಕಿತ್ತೋ. ನಾ ದಿನಾ ಗಂಟಲಾ ಹರಕೋತೀನಲ್ಲ, ಅದನ್ನ ಆಕಿ ಮೂರು ಮಾತಿನ್ಯಾಗ ಹೇಳ್ಯಾಳ" ಎಂದರು. ಅಂದಿನಿಂದ ನಮ್ಮ ತಂಡದಲ್ಲಿ ಅದು ಅಜ್ಜಿಯ ಕಾನೂನು ಆಯಿತು.

ಈ ಕಸುಬಿನವರಲ್ಲದವರಿಗೆ ಇಲ್ಲಿ ಒಂದೆರಡು ಮಾತು ಹೇಳಬೇಕು. ಜಾವಾದಲ್ಲಿ ಬರೆದ ಪ್ರೋಗ್ರಾಮೆಂದರೆ ಒಬ್ಬರಿಗೊಬ್ಬರು ಕೆಲಸ ಹೇಳುವ ಪುಟ್ಟ ಪುಟ್ಟ ಆಳುಗಳ ಗುಂಪು ಎಂದಿಟ್ಟುಕೊಳ್ಳಿ. ಕೆಲವರು ಹೋಗಿ ಉತ್ತರ ತರುತ್ತಾರೆ. ಎರಡೂ ಎರಡೂ ಎಷ್ಟು ಎಂದರೆ ನಾಲ್ಕು ಎನ್ನುತ್ತಾರೆ. ಅವರನ್ನು ಪರೀಕ್ಷಿಸುವುದು ಸುಲಭ, ಉತ್ತರ ನೋಡಿದರಾಯಿತು. ಇನ್ನು ಕೆಲವರು ಕೆಲಸ ಮುಗಿಸಿ ಬರುತ್ತಾರೆ, ಏನೂ ತರುವುದಿಲ್ಲ, ಏನೂ ಹೇಳುವುದಿಲ್ಲ. ಇವರೇ ವಾಯ್ಡ್. ತಂದೆತಾಯಿಗೆ ಸಂದೇಶ ಕಳಿಸುವವನು ಇಂಥವನು. ಪರೀಕ್ಷೆ ಮಾಡುವಾಗ ಊರಿನ ತಂದೆತಾಯಿಗೆಲ್ಲ ನಿಜವಾಗಿ ಸಂದೇಶ ಕಳಿಸಲಾಗುತ್ತದೆಯೇ? ಆದ್ದರಿಂದ ಅವನ ಜಾಗದಲ್ಲಿ ಒಬ್ಬ ಸೋಗಿನವನನ್ನು ನಿಲ್ಲಿಸುತ್ತೇವೆ. ಅದಕ್ಕೆ ಮಾಕ್ ಎನ್ನುತ್ತಾರೆ. ಈ ಸೋಗಿನವನು ಏನು ಹೇಳಿದರೂ ಸುಮ್ಮನೆ ನಿಂತಿರುತ್ತಾನೆ. ಹೇಳದಿದ್ದರೂ ಸುಮ್ಮನೆಯೇ ನಿಂತಿರುತ್ತಾನೆ.

ತೊಡಕು ಇರುವುದು ಅಲ್ಲೇ. ಅವನನ್ನು ಕರೆದದ್ದಕ್ಕೂ ಕರೆಯದೇ ಬಿಟ್ಟದ್ದಕ್ಕೂ ಮೇಲುನೋಟಕ್ಕೆ ವ್ಯತ್ಯಾಸವೇ ಕಾಣದು. ಪರೀಕ್ಷೆ ಹಸಿರು ದೀಪ ತೋರಿಸಿ ಮುಗಿಯುತ್ತದೆ. ಆದರೆ ಅವನಲ್ಲಿ ಒಂದು ಒಳ್ಳೆಯ ಗುಣವಿದೆ, ಯಾರು ಬಂದು ಏನು ಹೇಳಿದರು ಎಂಬುದನ್ನು ಮರೆಯುವುದಿಲ್ಲ. ಕೇಳಿದರೆ ಹೇಳುತ್ತಾನೆ. ಕೇಳುವ ಆ ಒಂದು ಸಾಲಿಗೆ ವೆರಿಫೈ ಎಂದು ಹೆಸರು. ನಿನ್ನನ್ನು ಕರೆದರೇನು? ಯಾರ ಹೆಸರಿಗೆ, ಏನೆಂದು ಹೇಳಿದರು? ಅಜ್ಜಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದೇ.

ಹೊಸಬರು ಆ ಸಾಲು ಬರೆಯುವುದಿಲ್ಲ. ಉತ್ತರ ತರುವವನಿಗೆ ಸೋಗು ಹಾಕಿಸುವ ರೀತಿಯಲ್ಲೇ ಇವನಿಗೂ ಹಾಕಿಸಲು ಹೋಗುತ್ತಾರೆ. ಜಾವಾ ಒಪ್ಪುವುದಿಲ್ಲ, ಕೆಂಪು ಗೆರೆ ಎಳೆಯುತ್ತದೆ. ಗಾಬರಿಯಾಗಿ ಅಲ್ಲಿ ಇಲ್ಲಿ ಹುಡುಕಿ ಡು ನಥಿಂಗ್ ಎಂಬ ಸಾಲನ್ನು ತಂದು ಅಂಟಿಸುತ್ತಾರೆ. ಏನೂ ಮಾಡಬೇಡ ಎಂಬ ಅಪ್ಪಣೆ. ಕೆಂಪು ಹೋಗುತ್ತದೆ, ಜೀವಕ್ಕೆ ಸಮಾಧಾನವಾಗುತ್ತದೆ. ವೈನಿ ಅದನ್ನು ಕಂಡರೆ ಇಡೀ ಮಹಡಿಗೆ ಕೇಳುವ ಹಾಗೆ, "ಮಲಗಿದಾಂವನ ಕಿವ್ಯಾಗ ಬಾಯಿ ಇಟ್ಟು ಮಲಕೋ ಮಲಕೋ ಅಂದಂಗ ಆತಲ್ಲೋ! ಆಂವ ಮೊದಲೇನು ಕುಣೀಲಿಕ್ಕತ್ತಿದ್ದನೇನು?" ಎನ್ನುತ್ತಿದ್ದರು. ಬರೆದವನೂ ನಗುತ್ತಿದ್ದ, ಆ ಸಾಲು ಅಳಿಸಿ ವೆರಿಫೈ ಬರೆಯುತ್ತಿದ್ದ. ಅಷ್ಟಕ್ಕೂ ಬಿಡುವವರಲ್ಲ. "ನಿರೋಪ ಒಯ್ಯಾಂವ ಹಾದ್ಯಾಗ ಬಿದ್ದು ಕಾಲ ಮುರಕೊಂಡ್ರ? ಅದಕ್ಕೊಂದು ಟೆಸ್ಟ್ ಬರಿ" ಎಂದು ಇನ್ನೊಂದನ್ನೂ ಬರೆಸುತ್ತಿದ್ದರು.

ಎಷ್ಟು ಚೆನ್ನಾಗಿತ್ತು ಆ ಕಾಲ... ಎನ್ನಬೇಕೆನಿಸುತ್ತದೆ. ಆದರೆ ಸಾಹೇಬರ ಮಾತಿಗೆ ಬರಬೇಕಲ್ಲ.

ಸಾಹೇಬರೆಂದರೆ ನಮ್ಮ ಮ್ಯಾನೇಜರು. ಬೆಂಗಳೂರಿನವರು, ನಮ್ಮದೇ ಭಾಷೆಯವರು. ಬಂದ ಹೊಸತರಲ್ಲಿ ಪುಣೆಯಲ್ಲಿ ಕನ್ನಡದವರು ಸಿಕ್ಕರೆಂದು ನಾವೆಲ್ಲ ಖುಷಿಪಟ್ಟಿದ್ದೆವು. ವೈನಿಯ ರೊಟ್ಟಿಯನ್ನು ಅವರೂ ತಿಂದಿದ್ದಾರೆ, ಒಂದಲ್ಲ ಎರಡಲ್ಲ. "ವೈನಿ, ನಿಮ್ ಚಟ್ನಿಗೆ ಸಾಟಿ ಇಲ್ಲ ಬಿಡಿ" ಎಂದು ಬೆರಳು ನೆಕ್ಕಿದ್ದನ್ನು ನಾನು ಕಂಡಿದ್ದೇನೆ. ಅದಕ್ಕೇ ಹೊಟ್ಟೆ ಉರಿಯುವುದು.

ಆ ಬೇಸಿಗೆಯಲ್ಲಿ ಹಡಪಸರ ಕಡೆಯ ಒಂದು ಶಾಲೆ ಹೊಸ ಸೌಕರ್ಯ ಕೇಳಿತು. ಮಳೆಗಾಲದಲ್ಲಿ ಗಲ್ಲಿಗಳಲ್ಲಿ ನೀರು ನಿಂತರೆ ಬಸ್ಸು ಒಳಗೆ ಹೋಗುವುದಿಲ್ಲ, ಮಕ್ಕಳನ್ನು ದೊಡ್ಡ ರಸ್ತೆಯಲ್ಲೇ ಇಳಿಸುತ್ತದೆ. ಆ ದಿನ ತಂದೆತಾಯಿಗೆ ಮುಂಚೆಯೇ ಸಂದೇಶ ಹೋಗಬೇಕು, ಗಲ್ಲಿಯಲ್ಲಿ ಕಾಯಬೇಡಿ, ದೊಡ್ಡ ರಸ್ತೆಗೆ ಬನ್ನಿ ಎಂದು. ಇಷ್ಟೇ ಕೆಲಸ. ತಂಡದಲ್ಲಿ ಒಬ್ಬರು ಬರೆದರು. ವೈನಿ ಪರೀಕ್ಷೆ ಬರೆದರು, ಅದರಲ್ಲಿ ವೆರಿಫೈ ಸಾಲು ಇತ್ತು. ಓಡಿಸಿದರೆ ಕೆಂಪು. ನೋಡಿದರೆ, "ಸಂದೇಶ ಕಳಿಸಲಾಗಿದೆ" ಎಂದು ಗುರುತು ಹಾಕಿಕೊಂಡು ಪ್ರೋಗ್ರಾಮು ಅಲ್ಲಿಂದಲೇ ಹಿಂದಿರುಗುತ್ತಿತ್ತು. ಕಳಿಸುವವನನ್ನು ಕರೆಯುತ್ತಲೇ ಇರಲಿಲ್ಲ.

ಮರುದಿನ ಶಾಲೆಯವರಿಗೆ ತೋರಿಸುವುದಿತ್ತು. ಅವರಿಗೆ ಎಲ್ಲ ಪರೀಕ್ಷೆಯೂ ಹಸಿರಾಗಿರುತ್ತದೆಂದು ಸಾಹೇಬರು ಮಾತು ಕೊಟ್ಟು ಕೂತಿದ್ದರು. ವೈನಿಯ ಮೇಜಿನ ಹತ್ತಿರ ಬಂದರು. ನಾನು ಪಕ್ಕದಲ್ಲೇ ಇದ್ದೆ.

"ವೈನಿ, ಆ ಒಂದು ಸಾಲು ತೆಗೆದ್ಬಿಡಿ. ಡು ನಥಿಂಗ್ ಹಾಕಿ. ನಾಳೆ ಡೆಮೋ ಮುಗೀಲಿ, ಆಮೇಲೆ ನೋಡ್ಕೊಳ್ಳೋಣ."

"ಸಾಲು ತಗದ್ರ ನಿರೋಪ ಹೋಗ್ತದೇನ್ರಿ ಸಾಹೇಬ್ರ?"

"ಅಯ್ಯೋ, ಮಳೆಗಾಲಕ್ಕೆ ಇನ್ನೂ ಟೈಮಿದೆಯಲ್ಲಾ. ಅಷ್ಟರೊಳಗೆ ಫಿಕ್ಸ್ ಮಾಡಿಸ್ತೀನಿ. ನಿಮಗೆ ನನ್ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮ್ಯಾಲೆ ಅದರೀ. ಆ ಹಸರ ದೀಪದ ಮ್ಯಾಲೆ ಇಲ್ಲ" ಎಂದರು ವೈನಿ. "ಏನೂ ಮಾಡಬ್ಯಾಡ ಅಂತ ಬರಿಯೂದು ನನ್ನ ಕೈಲೆ ಆಗೂದಿಲ್ರಿ. ಬೇಕಾದ್ರ ನಿಮ್ಮ ಕೈಲೆ ಬರೀರಿ."

ಹೇಳಿದ್ದು ಚೇಷ್ಟೆಯ ದನಿಯಲ್ಲೇ. ಆದರೆ ಸಾಹೇಬರು ಹಾಗೆಯೇ ಮಾಡಿದರು. ಇನ್ನೊಬ್ಬರಿಂದ ಸಾಲು ತೆಗೆಸಿದರು, ವೈನಿ ಒಪ್ಪಿಗೆ ಕೊಡದಿದ್ದದ್ದಕ್ಕೆ ತಾವೇ ಒಪ್ಪಿಗೆಯ ಗುಂಡಿ ಒತ್ತಿದರು. ಹಸಿರಾಯಿತು. ಡೆಮೋ ಆಯಿತು. ಶಾಲೆಯವರು ಮೆಚ್ಚಿದರಂತೆ, ಪೇಡಾ ಬಂತು. ವೈನಿ ತಿನ್ನಲಿಲ್ಲ. ಆಮೇಲೆ ಹತ್ತು ಸಲ ಕೇಳಿದರು, "ಸಾಹೇಬ್ರ, ಆ ಸಾಲು?" ಎಂದು. "ಮಾಡಿಸ್ತೀನಿ ವೈನಿ" ಎಂಬ ಉತ್ತರ ಹತ್ತು ಸಲವೂ ಬಂತು. ಅದನ್ನು ಸರಿಮಾಡಲು ಕೂತವರನ್ನೆಲ್ಲ ಬೇರೆ ಬೇರೆ ಹೊಸ ಕೆಲಸಕ್ಕೆ ಎಬ್ಬಿಸಿದರು. ಇದೇನು ಯಾರೋ ಬಚ್ಚಿಟ್ಟ ವಿಷಯವಲ್ಲ. ಯಾರು ತೆಗೆಸಿದರು, ಯಾರು ಒಪ್ಪಿದರು ಎಂಬುದು ಮಹಡಿಗೆಲ್ಲ ಗೊತ್ತಿತ್ತು.

ಜುಲೈ ಬಂತು. ಪುಣೆಯ ಜುಲೈ ಗೊತ್ತಲ್ಲ. ಬೆಳಗಿನಿಂದ ಒಂದೇ ಸಮ ಹಿಡಿದ ಮಳೆ, ನದಿಯ ಪಕ್ಕದ ರಸ್ತೆ ಮುಚ್ಚಿದ್ದರು, ಶಾಲೆಯ ಕಡೆಯ ಸಾಡೇಸತರಾ ನಳಿ ಬಡಾವಣೆಯ ಗಲ್ಲಿಗಳಲ್ಲಿ ಮೊಣಕಾಲು ಮಟ್ಟ ನೀರು. ಮಧ್ಯಾಹ್ನ ಶಾಲೆ ಬಿಟ್ಟು ಬಸ್ಸು ಹೊರಟಿತು. ಪರದೆಯ ಮೇಲೆ "ಸಂದೇಶ ಕಳಿಸಲಾಗಿದೆ" ಎಂದು ಚೆಂದವಾಗಿ ತೋರಿಸುತ್ತಿತ್ತು. ಮಕ್ಕಳನ್ನು ಹತ್ತಿಸಿ ಇಳಿಸುವ ಬಸ್ಸಿನ ಮಾವಶಿ ಅದನ್ನು ನಂಬಿ ಮಕ್ಕಳನ್ನು ದೊಡ್ಡ ರಸ್ತೆಯಲ್ಲಿ ಇಳಿಸಿದಳು. ತಾಯಂದಿರು ಒಳಗಿನ ಗಲ್ಲಿಯ ಬಾಯಿಗೆ ಛತ್ರಿ ಹಿಡಿದು ಕಾಯುತ್ತಿದ್ದರು. ದೊಡ್ಡ ಮಕ್ಕಳು ಹೇಗೋ ಮನೆ ಸೇರಿದರು. ಒಂದನೆಯ ಇಯತ್ತೆಯ ಒಂದು ಪುಟ್ಟ ಹುಡುಗಿ ಮಾತ್ರ ಅಮ್ಮ ಕಾಣದ್ದಕ್ಕೆ ತಾನೇ ಹೊರಟಳು. ಮನೆಯ ಕಡೆಗಲ್ಲ, ಕಾಲುವೆಯ ಕಡೆಗೆ.

ಆ ಹೊತ್ತು ನಾವು ಹೇಗೆ ಕಳೆದೆವೋ... ಶಾಲೆಯಿಂದ ಫೋನ್ ಮೇಲೆ ಫೋನ್. ವೈನಿ ಮೈದುನನ ಸ್ಕೂಟರ್ ಹತ್ತಿ ಮಳೆಯಲ್ಲೇ ಹೊರಟುಹೋದರು. ಹಿಂದೆ ನಾನೂ ಹೋದೆ. ನಾವು ಮುಟ್ಟುವಷ್ಟರಲ್ಲಿ ಮಗು ಸಿಕ್ಕಿತ್ತು. ಕಾಲುವೆಯ ಸೇತುವೆಯ ಮಗ್ಗುಲಲ್ಲಿ ತಾಡಪತ್ರಿ ಕಟ್ಟಿಕೊಂಡು ತರಕಾರಿ ಮಾರುವ ಒಬ್ಬ ಹೆಂಗಸು ಅದನ್ನು ಹಿಡಿದು ಕೂಡಿಸಿಕೊಂಡಿದ್ದಳು. ಕೈಗೊಂದು ಗಜ್ಜರಿ ಕೊಟ್ಟಿದ್ದಳು. ಮಗು ಅದನ್ನು ಕಡಿಯುತ್ತ, ಹರಿಯುವ ಕೆಂಪು ನೀರು ನೋಡುತ್ತ ಕೂತಿತ್ತು. ತಾಯಿ ಬಂದು ಬಾಚಿಕೊಂಡು ಅತ್ತದ್ದನ್ನು ವೈನಿ ದೂರ ನಿಂತು ನೋಡಿದರು. ಹತ್ತಿರ ಹೋಗಲಿಲ್ಲ. ನನ್ನ ಕಡೆ ತಿರುಗಿ, "ಒಂದು ಸಾಲೋ ಖಡಕಿ. ಒಂದ ಸಾಲು" ಎಂದರು. ಅವರ ದನಿ ಅಷ್ಟು ಸಣ್ಣಗೆ ಬಂದದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಮರುದಿನ ಸಭೆ. ಮೇಲಿನವರೆಲ್ಲ ಬಂದಿದ್ದರು. ಸಾಹೇಬರು ಎದ್ದು ನಿಂತು, ಏನೂ ಅರಿಯದವರ ಹಾಗೆ ಹೇಳಿದರು: "ಟೆಸ್ಟಿಂಗ್ ವೈನಿ ನೋಡ್ಕೊಳ್ತಾ ಇದ್ರು. ಎಲ್ಲ ಗ್ರೀನ್ ಅಂತಾನೇ ನನಗೆ ರಿಪೋರ್ಟ್ ಬಂದಿತ್ತು. ಪಾಪ, ಅವರ ಕಡೆಯಿಂದ ಮಿಸ್ ಆಗಿದೆ."

ಪಾಪ ಅಂತೆ! ಅತ್ತಿಗೆ ಎಂದು ಬಾಯಿತುಂಬ ಕರೆದ ಅದೇ ಬಾಯಿ. ಅವರ ಮನೆಯ ಚಟ್ನಿ ನೆಕ್ಕಿದ ಅದೇ ನಾಲಿಗೆ. ನನಗೆ ಕೂರಲಾಗಲಿಲ್ಲ. ಎದ್ದು ನಿಂತು ಹೇಳಿದೆ, ಆ ಸಾಲು ವೈನಿ ಬರೆದಿದ್ದರು, ನೀವೇ ತೆಗೆಸಿದಿರಿ, ನೀವೇ ಒಪ್ಪಿಗೆ ಒತ್ತಿದಿರಿ, ಇಲ್ಲೇ ತೆರೆದು ತೋರಿಸುತ್ತೇನೆ ಎಂದು. "ಇದನ್ನ ಆಮೇಲೆ ಮಾತಾಡೋಣ" ಎಂದರು ಸಾಹೇಬರು. ಮೇಲಿನವರು ಗಡಿಯಾರ ನೋಡಿದರು. ಮೈದುನರ ಪೈಕಿ ಮತ್ತಾರೂ ಬಾಯಿ ಬಿಡಲಿಲ್ಲ. ಅವರನ್ನೂ ನಾನು ಮರೆತಿಲ್ಲ.

ವೈನಿ ಮಾತ್ರ ಎದ್ದು ಒಂದೇ ಒಂದು ಕೇಳಿದರು. "ನಾ ಇರ್ತೇನೋ ಬಿಡ್ತೇನೋ ಅದು ಬ್ಯಾರೆ ಮಾತರೀ. ಶಾಲಿಯವರಿಗೆ ಖರೆ ಹೇಳ್ರಿ. ನಿರೋಪ ಹೋಗೂದಿಲ್ಲ ಅಂತ ನಮಗ ಮೊದಲ ಗೊತ್ತಿತ್ತು, ಆ ಟೆಸ್ಟ್ ನಾವ ತಗದಿದ್ವಿ ಅಂತ. ಆ ಕೂಸಿನ ತಾಯೀಗೆ ಗೊತ್ತಾಗಬೇಕು. ಅಷ್ಟ."

"ಖಂಡಿತ ಹೇಳ್ತೀನಿ ವೈನಿ. ನಾನೇ ಹೋಗಿ ಹೇಳ್ತೀನಿ."

ಎರಡು ದಿನ ಬಿಟ್ಟು ವೈನಿ ಅವರ ಕೋಣೆಯ ಬಾಗಿಲಲ್ಲಿ ನಿಂತರು. ಬಾಗಿಲು ತೆರೆದೇ ಇತ್ತು, ಮಹಡಿಯೆಲ್ಲ ಕಿವಿಯಾಗಿತ್ತು.

"ಹೇಳಿದ್ರೇನ್ರಿ?"

"ಹೇಳಿದೆ, ಹೇಳಿದೆ."

"ಯಾರ ಮುಂದ ಹೇಳಿದ್ರಿ?"

"ಅಲ್ಲಿ... ಅವರ ಟ್ರಾನ್ಸ್‌ಪೋರ್ಟ್‌ನವರಿಗೆ."

"ಏನಂದ್ರು?"

ಸಾಹೇಬರು ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. "ಏನೂ ಅನ್ನಲಿಲ್ಲ ವೈನಿ."

ವೈನಿ ಬಾಗಿಲಿನಿಂದ ಹಿಂದೆ ಸರಿದರು. ಆಮೇಲೆ ನನ್ನ ಕಡೆ ನೋಡಿ, ಇಡೀ ಮಹಡಿಗೆ ಕೇಳುವ ಅದೇ ಹಳೆಯ ದನಿಯಲ್ಲಿ, "ಖಡಕಿ, ಇವರೂ ವಾಯ್ಡ್ ನೋಡೋ!" ಎಂದು ನಕ್ಕರು. ಯಾರೂ ನಗಲಿಲ್ಲ. ಅದು ಅವರು ಆ ಆಫೀಸಿನಲ್ಲಿ ನಕ್ಕ ಕೊನೆಯ ನಗು.

ತಿಂಗಳೊಳಗೆ ಅವರನ್ನು ಬಿಡಿಸಿದರು. ತಾವಾಗಿ ಬಿಟ್ಟಂತೆ ಕಾಗದ ಬರೆಸಿಕೊಂಡರು, ಅದೇ ಮರ್ಯಾದೆಯಂತೆ. ಪುಣೆಯಲ್ಲಿ ಯಾರಾದರೂ ಕೆಲಸ ಬಿಟ್ಟು ಹೊರಟರೆ ನಿರೋಪ ಸಮಾರಂಭ ಮಾಡುತ್ತಾರೆ. ಬೀಳ್ಕೊಡುಗೆಗೂ ಮರಾಠಿಯಲ್ಲಿ ನಿರೋಪವೆಂದೇ ಹೆಸರು. ಹೇಳಿಕಳಿಸಿದ ಮಾತೂ ನಿರೋಪ, ಹೋಗಿಬನ್ನಿ ಎನ್ನುವುದೂ ನಿರೋಪ. ಮೂರು ತಿಂಗಳು ಇದ್ದುಹೋದವರಿಗೂ ಕೇಕು ಕತ್ತರಿಸಿ, ಶಾಲು ಹೊದಿಸಿ ಕಳಿಸುತ್ತಿದ್ದ ಆಫೀಸು ವೈನಿಗೆ ಒಂದು ಕಪ್ ಚಹಾ ಕೂಡ ಕೊಡಲಿಲ್ಲ. ಎರಡು ನಿರೋಪವೂ ಅವರ ಪಾಲಿಗೆ ಬರಲಿಲ್ಲ. ಹೊರಡುವಾಗ ನನ್ನ ಮೇಜಿನ ಮೇಲೆ ಗುರೆಳ್ಳು ಚಟ್ನಿಯ ಡಬ್ಬಿಯಿಟ್ಟು, "ಡಬ್ಬಿ ಹೊಳ್ಳಿ ಕೊಡಬೇಕು ಮತ್ತ, ಮನಿಗೆ ಬಾ" ಎಂದರು. ಲಿಫ್ಟಿನವರೆಗೆ ಹೋದೆ. ಬಾಗಿಲು ಮುಚ್ಚಿತು.

ಆ ಚಳಿಗಾಲದಲ್ಲಿ ನಾನೂ ಬಿಟ್ಟೆ. ವೈನಿ ಮತ್ತೆ ಈ ಕಸುಬಿಗೆ ಬರಲೇ ಇಲ್ಲ. ಕೋಥರೂಡಿನ ಅವರ ಮನೆಗೆ ಆಗಾಗ ಹೋಗುತ್ತಿದ್ದೆ. ಡಬ್ಬಿ ಕೊಟ್ಟರೆ ತುಂಬಿ ಹಿಂದಿರುಗಿಸುತ್ತಿದ್ದರು, ಹಾಗಾಗಿ ಅದು ಎಂದೂ ಪೂರ್ತಿ ಅವರದಾಗಲಿಲ್ಲ, ನನ್ನದೂ ಆಗಲಿಲ್ಲ. ಹಳೆಯದೆಲ್ಲ ನಗುತ್ತ ಮಾತಾಡುತ್ತಿದ್ದರು. ಒಂದೇ ಒಂದು ಮಾತಿಗೆ ಬಂದಾಗ ನಿಲ್ಲುತ್ತಿದ್ದರು. "ಆ ಕೂಸಿನ ತಾಯಿ ಇನ್ನೂ ನನ್ನ ಶಾಪಾ ಹಾಕತಿರ್ತಾಳೇನೋ" ಎನ್ನುತ್ತಿದ್ದರು. ಇಲ್ಲ ಬಿಡಿ ವೈನಿ, ಸಾಹೇಬರು ಹೇಳಿರಬಹುದು ಎಂದರೆ, "ಯಾರು ನೋಡ್ಯಾರ?" ಎನ್ನುತ್ತಿದ್ದರು. ನಾನೇ ಹೋಗಿ ಹೇಳಿ ಬರುತ್ತೇನೆಂದರೆ ಕೈಹಿಡಿದು ಕೂಡಿಸುತ್ತಿದ್ದರು. "ಬ್ಯಾಡೋ. ಅದು ಅವರು ಹೇಳಬೇಕಾದ ನಿರೋಪ."

ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮೇಲೆ, ವೈನಿ ಹೋಗಿಬಿಟ್ಟರು. ಹೊಟ್ಟೆಯ ಬೇನೆ, ತಿಳಿಯುವಷ್ಟರಲ್ಲಿ ತಡವಾಗಿತ್ತು. ಮೈದುನ ಮೊಬೈಲಿಗೆ ಸುದ್ದಿ ಬರೆದ. ಬರೆದು, ಫೋನ್ ಮಾಡಿದ. ಅಳುತ್ತಲೇ, "ಮುಟ್ಟಿತಲ್ಲ? ಓದಿದ್ಯಲ್ಲ?" ಎಂದು ಕೇಳಿದ. ಅತ್ತಿಗೆಯಿಂದ ಕಲಿತದ್ದು...

ಆಮೇಲೆ ಕೆಲವು ತಿಂಗಳಿಗೆ ಪಿಂಪಳೆ ಗುರವದ ಕಡೆ ಒಂದು ಕನ್ನಡದವರ ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತ ಹೆಂಗಸು ಅಕ್ಕಲಕೋಟೆಯ ಕಡೆಯವರು. ಮಾತಿಗೆ ಮಾತು ಬೆಳೆದು, ಹಡಪಸರದ ಶಾಲೆಯಲ್ಲಿ ಬಸ್ಸಿನ ವ್ಯವಸ್ಥೆ ನೋಡಿಕೊಳ್ಳುವವರೆಂದು ತಿಳಿಯಿತು. ಅದೇ ಶಾಲೆ. ನಾನು ಹಳೆಯ ಕಂಪನಿಯ ಹೆಸರು ಹೇಳಿದೆ.

"ಅಯ್ಯ, ನಿಮ್ಮವರೇನ್ರಿ! ನಿಮ್ಮಲ್ಲೊಬ್ಬಾಕಿ ಟೆಸ್ಟ ಮಾಡೂದ ಬಿಟ್ಟು, ನಮ್ಮ ಕೂಸು ಕಾಲವೀಗ ಬೀಳೂದಿತ್ತು. ಆಕೀನ್ನ ತಗದ್ರಂತಲ್ರಿ, ಭಾಳ ಛಲೋ ಆತು ನೋಡ್ರಿ."

ಎಲೆಯ ಮೇಲಿನ ಊಟ ಬಿಟ್ಟು ನಾನು ಎಲ್ಲವನ್ನೂ ಹೇಳಿದೆ. ಬಡಿಸುವವರು ಎರಡು ಸಲ ಬಂದು ನಿಂತು ಹೋದರು. ಪಕ್ಕದ ಹೆಂಗಸಿನ ಮುಖ ಇಳಿಯಿತು. "ಖರೇನ ನಮಗ ಯಾರೂ ಹೇಳಲಿಲ್ರಿ. ನಿಮ್ಮ ಸಾಹೇಬ್ರು ಬಂದು ಕ್ಷಮಾ ಮಾಡ್ರಿ, ತಪ್ಪು ಮಾಡಿದಾಕೀನ್ನ ತಗೀತೀವಿ ಅಂದ್ರು, ಅಷ್ಟ. ಆ ಅಕ್ಕಾರು ಎಲ್ಲದಾರ್ರಿ ಈಗ? ನಂಬರ್ ಕೊಡ್ರಿ, ನಾ ಮಾತಾಡ್ತೇನಿ."

ಎಲ್ಲಿದ್ದಾರೆಂದು ಹೇಳಲಿ? ಆ ತಾಯಿಗೆ ಈಗಲಾದರೂ ಹೇಳಿ ಎಂದಷ್ಟೇ ಕೇಳಿಕೊಂಡೆ. ವಾರ ಬಿಟ್ಟು ಫೋನ್ ಮಾಡಿ ಅಜ್ಜಿಯ ಮೂರು ಪ್ರಶ್ನೆಯನ್ನೂ ಕೇಳಿದೆ. ತಾಯಿಯ ಮುಂದೆಯೇ ಹೇಳಿದ್ದರು. ಆ ತಾಯಿ ಅತ್ತು, ವೈನಿಯ ಮನೆಗೆ ಹೋಗಿ ಕಾಲಿಗೆ ಬೀಳಬೇಕೆಂದಳಂತೆ. ಕೊನೆಗೂ ನಿರೋಪ ಮುಟ್ಟಿತು ವೈನಿ ಎಂದು ಹೇಳಲು ಒಂದು ಬಾಗಿಲೂ ನನಗೆ ಉಳಿದಿರಲಿಲ್ಲ. ಸಾಹೇಬರು ಈಗ ಬೇರೆಲ್ಲೋ ಇನ್ನೂ ದೊಡ್ಡ ಕೆಲಸದಲ್ಲಿದ್ದಾರೆ. ಪರೀಕ್ಷೆಯ ಗುಣಮಟ್ಟದ ಬಗ್ಗೆ ಭಾಷಣ ಮಾಡುತ್ತಾರಂತೆ. ಮಾಡಲಿ.

ಸೋಮವಾರ ಊಟ ಮುಗಿಸಿ ತುಮಕೂರಿನ ಹುಡುಗಿಯ ಮೇಜಿಗೆ ಹೋದೆ. ಈಗಿನ ನಮ್ಮ ಕೆಲಸ ರಕ್ತಪರೀಕ್ಷೆಯ ವರದಿ ಸಿದ್ಧವಾದಾಗ ರೋಗಿಗಳಿಗೆ ತಿಳಿಸುವುದು. "ಏನೂ ಮಾಡಬೇಡ ಅನ್ನೋ ಆ ಸಾಲು ತೆಗಿಯಮ್ಮ. ಅವನನ್ನ ಕರೆದರಾ, ಯಾರ ಹೆಸರಿಗೆ, ಏನಂತ ಅಂತ ಕೇಳಿ ನೋಡು" ಎಂದೆ. "ಸರ್, ಗ್ರೀನೇ ಇದೆಯಲ್ಲಾ..." ಎಂದು ಗೊಣಗುತ್ತಲೇ ಬರೆದು ಓಡಿಸಿದಳು.

ಕೆಂಪಾಯಿತು.

ಅವಳು ತಾನು ಬರೆದದ್ದನ್ನೆಲ್ಲ ಮೊದಲಿನಿಂದ ಓದಿ ನೋಡಿದಳು. "ಸರ್, ರಕ್ತ ಎರಡನೇ ಸಲ ಕೊಡಬೇಕಾದವರಿಗೆ ಮೆಸೇಜು ಹೋಗ್ತಾನೇ ಇಲ್ಲ" ಎಂದಳು. ಸಂಜೆಯವರೆಗೆ ಕೂತು ತಾನೇ ಸರಿಮಾಡಿದಳು. ಮನೆಗೆ ಹೊರಡುವಾಗ ಬ್ಯಾಗು ಹೆಗಲಿಗೇರಿಸಿ ನನ್ನ ಹತ್ತಿರ ಬಂದು, "ಈಗ ಹೋಗುತ್ತೆ ಸರ್. ನನ್ ಮಾತು ನಂಬಬೇಡಿ, ನೀವೇ ಒಂದ್ಸಲ ನೋಡಿ" ಎಂದಳು.

ನೋಡಿದೆ. ಯಾರಿಗೆ ಹೋಯಿತು, ಏನೆಂದು ಹೋಯಿತು, ಎರಡೂ ಸರಿಯಾಗಿತ್ತು.